10 ಟೈರ್ ಗಾಡಿಗೆ 400 ಚೀಲ ಸಕ್ಕರಿ ಹಾಕಬಹುದೇನ್ರಿ? ಲೋಡು, ಬ್ರೇಕು, ಕಾಗದ

ಜಮಖಂಡಿ ಹತ್ತು ಟೈರ್
ನಮಸ್ಕಾರ್ರಿ ಎಲ್ಲಾರಿಗೂ. 10 ಟೈರಿನ ಗಾಡಿ, ಆರ್‌ಸಿಯೊಳಗ ಒಟ್ಟು ತೂಕ 28,000 ಕೆಜಿ. ಜಮಖಂಡಿ ಕಡೆ ಫ್ಯಾಕ್ಟರಿಯಿಂದ ಪುಣೆಗೆ ಸಕ್ಕರಿ ಲೋಡ್, 50 ಕೆಜಿ ಚೀಲ. ದಲ್ಲಾಳಿ "400 ಚೀಲ ಹಾಕ್ರಿ, ಎಲ್ಲಾರೂ ಒಯ್ತಾರ" ಅಂತಾನ. ಡ್ರೈವರ್ ಹೊಸಬ, ಹೆವಿ ಲೈಸೆನ್ಸ್ ಐತಿ, ಘಾಟ್ ರೂಢಿ ಕಡಿಮಿ. ಖರೇ ಎಷ್ಟು ಚೀಲ ಹಾಕಬೇಕು, ಹೊರಡೂ ಮೊದಲ ಗಾಡಿಯೊಳಗ ಏನೇನ್ ನೋಡಬೇಕು, ಕಾಗದ ಯಾವ್ಯಾವು ಇರಬೇಕು? ಮುಂದ ಗೋವಾ ಲೋಡೂ ಬರೂದೈತಿ.

ಕಾಟಾ ಮಾಸ್ತರ
ದಲ್ಲಾಳಿ ಮಾತು ಬಿಡ್ರಿ, ಫೈನ್ ಅವ ಕಟ್ಟೂದಿಲ್ಲ. ಮೊದಲ ಖಾಲಿ ಗಾಡಿ ಕಾಟಾಕ್ಕ (ಗಾಡಿ ತೂಗೂ ಜಾಗಾಕ್ಕ) ಹಚ್ರಿ. ಆರ್‌ಸಿಯೊಳಗಿನ ಖಾಲಿ ತೂಕ ನಂಬಬ್ಯಾಡ್ರಿ, ಯಾಕಂದ್ರ ಆಮ್ಯಾಲ ಗಾಡಿ ಮೈಗೆ ಹಾಕಿಸಿದ ಕಬ್ಬಿಣ, ಟೂಲ್ ಬಾಕ್ಸ್, ಎರಡನೇ ಸ್ಟೆಪ್ನಿ, ತಾಡಪಾಲ, ಹಗ್ಗ ಇವೆಲ್ಲಾ ಅದರಾಗ ಇರೂದಿಲ್ಲ. ಡೀಸೆಲ್ ಟ್ಯಾಂಕ್ ಫುಲ್ ಇರಬೇಕು, ಡ್ರೈವರ್ ಕ್ಲೀನರ್ ಇಬ್ರೂ ಒಳಗ ಕುಂತಿರಬೇಕು. 300 ಲೀಟರ್ ಡೀಸೆಲ್ ಅಂದ್ರನ 250 ಕೆಜಿ.

ಹಿಂಗ ತೂಗಿದ್ರ 9,600 ಕೆಜಿ ಬಂತು ಅಂತ ಇಟ್ಕೊಳ್ರಿ. 28,000ದಾಗ ಅದನ್ನ ಕಳೆದ್ರ 18,400 ಉಳೀತು. ಚೀಲದ ತೂಕಾನೂ ಸೇರಿಸಿ ಒಂದಕ್ಕ 50.6 ಹಿಡೀರಿ. 360 ಚೀಲಕ್ಕ 18,216 ಆಗ್ತೈತಿ, ಒಟ್ಟು 27,816. ಅಲ್ಲಿಗೆ ನಿಲ್ಲಿಸ್ರಿ. 400 ಹಾಕಿದ್ರ 29,840, ಅಂದ್ರ 1,840 ಕೆಜಿ ಹೆಚ್ಚು.

ಮೋಟಾರು ವಾಹನ ಕಾಯ್ದೆ 194ನೇ ಕಲಂ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ, ಮ್ಯಾಲ ಹೆಚ್ಚಾದ ಒಂದೊಂದು ಟನ್ನಿಗೆ 2,000. ಹೆಚ್ಚಿನ ಮಾಲು ಅಲ್ಲೇ ಇಳಿಸೂ ತನಕ ಗಾಡಿ ಬಿಡೂದಿಲ್ಲ, ಇಳಿಸೂ ಖರ್ಚೂ ನಿಮ್ಮದ. ಕಾಟಾಕ್ಕ ಬರೂದಿಲ್ಲ ಅಂತ ಡ್ರೈವರ್ ಓಡಿಸ್ಕೊಂಡು ಹೋದ್ರ 40,000. ಇದನ್ನ ಹೊಸ ಡ್ರೈವರ್‌ಗೆ ಮೊದಲ ಹೇಳ್ರಿ. ಹೆದರಿ ಓಡ್ಸೂದು ಹೊಸಬರ. ನಲವತ್ತು ಚೀಲದ ಭಾಡಾ ಎಷ್ಟು ಬರ್ತೈತಿ ನೀವ ಲೆಕ್ಕಾ ಹಾಕ್ರಿ.

ಹುಕ್ಕೇರಿ ಹುಡುಗ
ಮಾಸ್ತರ, ಒಂದು ಸಂಶೆ. 10 ಟೈರಿನ ಹಳೇ ಗಾಡಿ ಆರ್‌ಸಿಯೊಳಗ 25 ಟನ್ ಅಂತ ಐತಿ. 2018ರಾಗ ಸರ್ಕಾರ ತೂಕ ಹೆಚ್ಚಿಗಿ ಮಾಡ್ತಲ್ಲ, ಅದಕ್ಕೂ 28 ಹಾಕಬಹುದಲ್ಲ?

ಕಾಟಾ ಮಾಸ್ತರ
ತಮ್ಮಾ, 2018ರಾಗ ಆಕ್ಸಲ್ ಮಿತಿ ಏರಿಸಿದ್ದು ಖರೇ. ಎರಡು ಟೈರಿನ ಸ್ಟೇರಿಂಗ್ ಆಕ್ಸಲ್‌ಗೆ 7 ಟನ್, ನಾಕು ಟೈರಿನ ಒಂಟಿ ಆಕ್ಸಲ್‌ಗೆ 11.5, ಎಂಟು ಟೈರಿನ ಜೋಡಿ ಆಕ್ಸಲ್‌ಗೆ 21. ಆದ್ರ ರಸ್ತೆ ಮ್ಯಾಲ ತಪಾಸಣೆ ಮಾಡೋರು ನೋಡೂದು ಆರ್‌ಸಿ. ಅದರಾಗ 25 ಇದ್ರ 25ಕ್ಕ ಲೋಡ್ ಮಾಡೂದು. ಹಳೇ ಗಾಡಿ ಪಾಟಾ (ಸ್ಪ್ರಿಂಗ್ ಪಟ್ಟಿ), ಆಕ್ಸಲ್, ಬ್ರೇಕ್ ಡ್ರಮ್ ತಯಾರಾಗಿದ್ದೂ ಆ ತೂಕಕ್ಕ. ಸರ್ಕಾರ ಆದೇಶ ಹೊಂಡಿಸಿದ್ರ ಡ್ರಮ್ಮಿನ ಒಳಗ ಒತ್ತಿ ಹಿಡಿಯೂ ಬ್ರೇಕ್ ಲೈನರ್ ದೊಡ್ಡದಾಗೂದಿಲ್ಲ.

ಇನ್ನೊಂದು, ಒಟ್ಟು ತೂಕ ಸರಿ ಇದ್ರೂ ಮಾಲು ಹಿಂದ ಸರಿದಿದ್ರ ಜೋಡಿ ಆಕ್ಸಲ್ 21 ದಾಟ್ತೈತಿ, ಮುಂದಿನ ಆಕ್ಸಲ್ ಹಗುರಾಗ್ತೈತಿ. ಮಳಿಯಾಗ ಸ್ಟೇರಿಂಗ್ ಹಿಡಿತ ಬಿಡೂದು ಆವಾಗ. ಚೀಲ ಕ್ಯಾಬಿನ್ ಕಡೆ ಗ್ವಾಡಿಗೆ ಒತ್ತಿ ಶುರು ಮಾಡ್ರಿ, ಒಂದು ಥರ ಉದ್ದ ಒಂದು ಥರ ಅಡ್ಡ, ಒಂದಕ್ಕೊಂದು ಹಿಡಕೊಳ್ಳೂಹಂಗ. ಅರ್ಧ ಎತ್ತರಾ ಮಾಡಿ ಹಿಂದಿನ ತನಕ ಸಮಾ ಹಬ್ಬಿಸ್ರಿ. ಮುಂದ ಎತ್ತರಾ ಒಟ್ಟಿ ಹಿಂದ ಖಾಲಿ ಬಿಟ್ರ ಬ್ರೇಕ್ ಹೊಡೆದಾಗ ಚೀಲ ಉಳ್ಳಾಡ್ತಾವ. ಹೊರಟು 50 ಕಿ.ಮೀ. ಆದ ಮ್ಯಾಲ ಒಮ್ಮಿ ನಿಲ್ಲಿಸಿ ಹಗ್ಗ ಬಿಗಿ ಮಾಡ್ಬೇಕು. ಚೀಲ ಕುಂದ್ರತಾವ, ಹಗ್ಗ ತಾನ ಸಡ್ಲ ಬೀಳ್ತೈತಿ.

ಬ್ರೇಕ್ ಮಿಸ್ತ್ರಿ, ಉದ್ಯಮಬಾಗ
ಕಾಟಾ ಲೆಕ್ಕ ಸರಿ ಐತಿ. ಈಗ ಬ್ರೇಕಿಗೆ ಬರೂಣು. ಹೊಸ ಡ್ರೈವರ್‌ಗೆ ಇದನ್ನ ದಿನಾ ಮುಂಜಾನೆ ಮಾಡ್ಸ್ರಿ, ಹತ್ತು ನಿಮಿಷದ ಕೆಲಸ.

ಸಮಾ ಜಾಗಾದಾಗ ನಿಲ್ಲಿಸಿ ಗಾಲಿಗೆ ಮುಂದ ಹಿಂದ ಕಟ್ಟಿಗಿ ಕೊಡ್ರಿ. ಏರ್ ಟ್ಯಾಂಕ್ ಕೆಳಗಿನ ವಾಲ್ವ್ ಎಳದು ನೀರು ಬಿಡ್ರಿ. ಬರೇ ನೀರು ಬಂದ್ರ ಏರ್ ಡ್ರೈಯರ್ ಫಿಲ್ಟರ್ ಹೋಗೈತಿ; ನೀರಿನ ಜೋಡಿ ಎಣ್ಣಿ ಬಂದ್ರ ಕಂಪ್ರೆಸರ್ ರಿಂಗ್ ಸವದಾವ. ಆಮ್ಯಾಲ ಎಂಜಿನ್ ಚಾಲೂ ಮಾಡಿ ಗೇಜ್ 8 ಬಾರ್ ಹತ್ರ ಬರೂ ತನಕ ಕಾಯ್ರಿ. ಎಂಜಿನ್ ಬಂದ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲ್ ಪೂರಾ ತುಳಿದು ಒಂದು ನಿಮಿಷ ಹಿಡೀರಿ. ಮೊದಲ ತುಳಿದಾಗ ಇಳಿಯೂದು ಸಹಜ, ಅದನ್ನ ಬಿಡ್ರಿ. ಆಮ್ಯಾಲ ನಿಮಿಷಕ್ಕ 0.2 ಬಾರ್‌ಕ್ಕಿಂತ ಹೆಚ್ಚು ಇಳಿದ್ರ ಎಲ್ಲೋ ಸೋರಾಕತ್ತೈತಿ. ಕ್ಲೀನರ್‌ನ ಕೆಳಗ ಕಳಿಸಿ, ಸೋಪಿನ ನೀರು ಹಚ್ಚಿ, ಪೈಪ್ ಜೋಡಣಿ ಮತ್ತ ಬೂಸ್ಟರ್ (ಗಾಳಿ ಒತ್ತಡದಿಂದ ಬ್ರೇಕ್ ತಳ್ಳೂ ಡಬ್ಬಿ) ಹತ್ರ ಗುಳ್ಳಿ ನೋಡ್ರಿ. ಕೊನೀಕ ಪೆಡಲ್ ಮ್ಯಾಲ ಮ್ಯಾಲ ತುಳಿದು ಗಾಳಿ ಇಳಸ್ರಿ. 5 ಬಾರ್ ಸುತ್ತ ಬಂದಾಗ ಬಜರ್ ಹೊಡೀಬೇಕು, ಕೆಂಪ ದೀಪ ಹತ್ತಬೇಕು. ಭಾಳ ಗಾಡಿಯೊಳಗ ಬಜರ್ ವೈರ್ ಕಿತ್ತಿರ್ತಾರ, ಕಿರಿಕಿರಿ ಅಂತ. ಅದನ್ನ ಕೂಡಿಸದ ಗಾಡಿ ಹೊರಗ ಬಿಡಬ್ಯಾಡ್ರಿ.

ಸ್ಲ್ಯಾಕ್ ಅಡ್ಜಸ್ಟರ್ (ಲೈನರ್ ಸವದಂಗ ಬ್ರೇಕಿನ ಸಡ್ಲ ತೆಗೆಯೂ ಭಾಗ): ಒಬ್ಬ ಪೆಡಲ್ ತುಳೀಬೇಕು, ಒಬ್ಬ ಬೂಸ್ಟರ್ ರಾಡ್ ಎಷ್ಟು ಹೊರಗ ಬರ್ತೈತಿ ನೋಡ್ಬೇಕು. ಒಂದೂವರಿ ಇಂಚ್ ದಾಟಿದ್ರ ಅಡ್ಜಸ್ಟ್ ಮಾಡಿಸೂ ಹೊತ್ತು ಬಂತು. ಎಡಕ್ಕ ಬಲಕ್ಕ ಒಂದ ಸಮ ಇರಬೇಕು, ಇಲ್ಲಂದ್ರ ಗಾಡಿ ಒಂದ ಕಡೆ ಎಳೀತೈತಿ. ಆಟೊ ಅಡ್ಜಸ್ಟರ್ ಇದ್ದದ್ದನ್ನ ವಾರಕ್ಕೊಮ್ಮಿ ಪಾನಾ ಹಾಕಿ ತಿರುವೂದು ಅಂದ್ರ ಅದು ಕೆಟ್ಟೈತಿ ಅಂತ ಅರ್ಥ. ಬದಲಿ ಮಾಡ್ರಿ, ತಿರುವಬ್ಯಾಡ್ರಿ.

ಘಾಟ್ ವಿಷಯ. ಪುಣೆ ಕಡೆ ಹೋಗೂವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮ್ಯಾಲ ನವಲೆ ಬ್ರಿಜ್ ತನಕ ಉದ್ದಕ ಇಳಕಲ ಐತಿ. ನೋಡಾಕ ಘಾಟ್ ಅನ್ನಿಸೂದಿಲ್ಲ, ಅದಕ್ಕ ಮೋಸ. ಡೀಸೆಲ್ ಉಳಿಸಾಕ ನ್ಯೂಟ್ರಲ್ ಮಾಡೂದು ಅಲ್ಲೇ. 2022ರ ನವೆಂಬರ್‌ನಾಗ ಒಂದ ಲಾರಿ ಹತ್ತಾರು ವಾಹನಕ್ಕ ಗುದ್ದಿದ್ದೂ ಅಲ್ಲೇ. ನ್ಯೂಟ್ರಲ್ ಮಾಡಿದ್ರ ಎಂಜಿನ್ ತಡಿಯೂದಿಲ್ಲ, ಎಕ್ಸಾಸ್ಟ್ ಬ್ರೇಕ್ (ಹೊಗಿ ದಾರಿ ಕಟ್ಟಿ ಎಂಜಿನ್‌ನಿಂದ ಗಾಡಿ ತಡಿಯೂದು) ಕೆಲಸ ಮಾಡೂದಿಲ್ಲ, ಪೂರಾ ಭಾರ ಲೈನರ್ ಮ್ಯಾಲ. ಲೈನರ್ ಕಾದು ಹೊಗಿ ಬಂದ ಮ್ಯಾಲ ಎಷ್ಟು ತುಳಿದ್ರೂ ಹಿಡಿಯೂದಿಲ್ಲ. ಎಂಜಿನ್ ಬಂದ್ ಮಾಡಿದ್ರಂತೂ ಕಂಪ್ರೆಸರ್ ನಿಲ್ತೈತಿ, ನಾಕೈದು ಸಲ ತುಳಿಯೂದ್ರಾಗ ಗಾಳಿ ಖಾಲಿ, ಸ್ಟೇರಿಂಗ್ ಕಲ್ಲ ಆಗ್ತೈತಿ.

ಹತ್ತಾಕ ಯಾವ ಗೇರ್ ಬೇಕಾಗ್ತೈತೋ ಅದಕ್ಕಿಂತ ಒಂದು ಕೆಳಗಿನ ಗೇರ್‌ನಾಗ ಇಳೀಬೇಕು, ಗೇರ್ ಇಳಕಲ ಶುರುವಾಗೂ ಮೊದಲ ಹಾಕಬೇಕು. ಎಕ್ಸಾಸ್ಟ್ ಬ್ರೇಕ್ ಹಾಕಿ, ಸ್ಪೀಡ್ ಏರಿದಾಗ ಗಟ್ಟಿ ಒಮ್ಮಿ ತುಳಿದು ಇಳಿಸಿ ಬಿಡ್ಬೇಕು. ಸಣ್ಣಗ ತುಳಕೊಂಡ ಹೋಗಬಾರದು. 60ರಿಂದ ನಿಲ್ಲಿಸೂಕ್ಕಿಂತ 80ರಿಂದ ನಿಲ್ಲಿಸೂವಾಗ ಡ್ರಮ್ಮಿಗೆ 1.78 ಪಟ್ಟು ಶಾಖ ಬೀಳ್ತೈತಿ. ನಮ್ಮ ವಂಟಮುರಿ ಘಾಟ್ ಸಣ್ಣದು, ಹೊಸಬಗ ಕಲಿಸಾಕ ಚೊಲೋ ಜಾಗಾ: ಇಳಿದ ಮ್ಯಾಲ ಬದಿಗೆ ಹಚ್ಚಿ, ಒಂದೊಂದು ಡ್ರಮ್ ಹತ್ರ ಕೈ ಒಯ್ದು ನೋಡ್ರಿ, ಮುಟ್ಟಬ್ಯಾಡ್ರಿ. ಒಂದು ತಣ್ಣಗಿದ್ರ ಆ ಗಾಲಿ ಬ್ರೇಕ್ ಹಿಡಿಯಾಕತ್ತಿಲ್ಲ. ಒಂದ ಭಾಳ ಸುಡ್ತಿದ್ರ ಅಲ್ಲಿ ಬ್ರೇಕ್ ಬಿಡಾಕತ್ತಿಲ್ಲ.

ಜಮಖಂಡಿ ಹತ್ತು ಟೈರ್
ಭಾರಿ ಉಪಕಾರ ಆತ್ರಿ ಮಿಸ್ತ್ರಿ. ಗೋವಾಕ್ಕ ಚೋರ್ಲಾ ಘಾಟ್ ಮ್ಯಾಲ ಹೋಗೂದ ಚೊಲೋನೋ, ಅನಮೋಡ ಘಾಟನೋ?

ಬ್ರೇಕ್ ಮಿಸ್ತ್ರಿ, ಉದ್ಯಮಬಾಗ
10 ಟೈರ್ ಲೋಡ್ ಗಾಡಿಗೆ ಚೋರ್ಲಾ ವಿಚಾರ ಬ್ಯಾಡ. ರಸ್ತಾ ಸಣ್ಣದು, ತಿರುವು ಭಾಳ, ಭಾರೀ ವಾಹನಕ್ಕ ಆಗಾಗ ಬಂದಿ ಹಾಕ್ತಾರ. ರಾಮನಗರ, ಅನಮೋಡ ಹಿಡೀರಿ. ಅಲ್ಲೂ ಮಳಿಗಾಲದಾಗ ಗುಡ್ಡ ಕುಸೀತೈತಿ, ಹೊರಡೂ ದಿನ ರಸ್ತಾ ಚಾಲೂ ಐತೋ ಇಲ್ಲೋ ಕೇಳಿ ಬಿಡ್ರಿ.

ಕೆಎ-28
ಟೈರ್ ಬಗ್ಗೆ ಯಾರೂ ಹೇಳಲಿಲ್ಲ. ವಿಜಯಪುರ ಕಡೆ ಬ್ಯಾಸಿಗ್ಯಾಗ 40 ಡಿಗ್ರಿ ದಾಟ್ತದ, ಟೈರ್ ಒಡಿಯೋದೆಲ್ಲಾ ಏಪ್ರಿಲ್ ಮೇ ತಿಂಗಳದಾಗೇ. ಗಾಳಿ ಮುಂಜಾನೆ ಗಾಡಿ ತಣ್ಣಗಿದ್ದಾಗ ನೋಡ್ಬೇಕು, ಕಂಪನಿ ಹೇಳಿದಷ್ಟು ಹಾಕ್ಬೇಕು. ಬಿಸಿಲಿಗೆ ಗಾಳಿ ಹೆಚ್ಚಾಗ್ತದ ಅಂತ ಮಧ್ಯಾಹ್ನ ಬಿಸಿ ಟೈರಿನಾಗಿಂದ ಗಾಳಿ ಬಿಡ್ತಾರಲ್ಲ, ಅದು ಉಲ್ಟಾ ಕೆಲಸ. ಗಾಳಿ ಕಡಿಮಿ ಆದ್ರ ಟೈರಿನ ಗೋಡಿ ಹೆಚ್ಚು ಮಡಚ್ತದ, ಮಡಚಿದಷ್ಟು ಇನ್ನೂ ಕಾಯ್ತದ. ಜೋಡಿ ಟೈರಿನಾಗ ಒಳಗಿಂದು ಯಾರೂ ನೋಡೋದಿಲ್ಲ. ಅದು ಇಳಿದ್ರ ಹೊರಗಿನ ಒಂದೇ ಟೈರ್ ಎರಡರ ಭಾರ ಹೊರ್ತದ. ಹೊಸ ಟೈರು, ರಿಸೋಲ್ (ಸವದದ್ದಕ್ಕ ಮತ್ತ ರಬ್ಬರ್ ಹಾಕಿಸಿದ) ಟೈರು ಜೋಡಿ ಮಾಡಿ ಹಾಕಬ್ಯಾಡ್ರಿ, ಎತ್ತರ ಬ್ಯಾರೆ ಇರ್ತದ. ಸ್ಟೇರಿಂಗ್ ಆಕ್ಸಲ್‌ಗೆ ರಿಸೋಲ್ ಬ್ಯಾಡೇ ಬ್ಯಾಡ. ಎರಡು ಟೈರಿನ ನಡುವ ಕಲ್ಲು ಸಿಕ್ಕಿದ್ರ ತೆಗೆದು ಹೊರಡ್ರಿ.

ಕಾನೂನು ಪ್ರಕಾರ ಟೈರಿನ ಗೀರಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಮಳಿಗಾಲಕ್ಕ 3 ಮಿ.ಮೀ. ಇದ್ದಾಗೇ ಬದಲಿಸ್ರಿ ಅಂತ ನನ್ನ ಅಭಿಪ್ರಾಯ. ಗಾಲಿ ಬಿಚ್ಚಿ ಹಾಕಿದ್ರ 50ರಿಂದ 100 ಕಿ.ಮೀ. ಒಳಗ ನಟ್ ಮತ್ತ ಬಿಗಿ ಮಾಡ್ಬೇಕು. ನಟ್ಟಿನ ಬುಡದಿಂದ ತುಕ್ಕಿನ ಗೆರಿ ಇಳಿದಿದ್ರ ಅದು ಸಡ್ಲಾಗಿ ಅಲ್ಲಾಡ್ಲಿಕತ್ತದ.

ಇನ್ನ ನಿದ್ದಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೊಳಗ ದಿನಕ್ಕ 8 ತಾಸು, ವಾರಕ್ಕ 48 ತಾಸು, 5 ತಾಸು ಓಡಿಸಿದ್ರ ಅರ್ಧ ತಾಸು ವಿಶ್ರಾಂತಿ ಅಂತ ಇತ್ತು. ಅದು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗ ಸೇರ್ಯಾದ, 8 ತಾಸು ಅಲ್ಲೂ ಹಂಗೇ ಅದ. ಜಮಖಂಡಿಯಿಂದ ಪುಣೆ 330-350 ಕಿ.ಮೀ., ತಾಸಿಗೆ ಸರಾಸರಿ 40 ಅಂದ್ರ ಗಾಲಿ ತಿರುಗೋ ಟೈಮೇ ಎಂಟೂವರಿ ತಾಸು ಆತು. ಲೋಡ್ ಆಗಲಿಕ್ಕೆ ಹಗಲೆಲ್ಲಾ ಫ್ಯಾಕ್ಟರಿ ಲೈನಿನಾಗ ನಿಂತು, ರಾತ್ರಿ ಹೊರಟು, ಮುಂಜಾನೆ ಖಾಲಿ ಮಾಡು ಅಂತ ಮಾಲಕರು ಫೋನ್ ಮಾಡ್ತಾರ. ರಾತ್ರಿ 2ರಿಂದ 5ರ ನಡುವ ಕಣ್ಣು ಎಳಿಯೋದು ಹಿಂಗೇ. ಲೈನಿನಾಗ ನಿಂತದ್ದು ವಿಶ್ರಾಂತಿ ಅಲ್ಲ. ಅವನಿಗೆ ನಾಕು ತಾಸು ಮಲಗಲಿಕ್ಕೆ ಬಿಟ್ಟು ಆಮ್ಯಾಲ ಕಳಿಸ್ರಿ.

ಕಾಗದಪತ್ರ ಕಾಕಾ
ಕಾಗದದ ವಿಷಯ ನಾನು ಹೇಳುತ್ತೇನೆ. ಆರ್‌ಸಿ, ಫಿಟ್‌ನೆಸ್, ಇನ್ಶೂರೆನ್ಸ್, ಪರ್ಮಿಟ್, ತೆರಿಗೆ ರಸೀದಿ, ಹೊಗೆ ತಪಾಸಣೆ, ಚಾಲಕರ ಲೈಸೆನ್ಸ್. ಇವು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇದ್ದರೆ ಸಾಕು. ಫೋನಿನಲ್ಲಿ ತೆಗೆದ ಫೋಟೊ ನಡೆಯುವುದಿಲ್ಲ. ಪುಣೆಗೆ ಹೋಗುವುದರಿಂದ ನ್ಯಾಷನಲ್ ಪರ್ಮಿಟ್ ಬೇಕು, ಅದರ ವರ್ಷದ ಶುಲ್ಕ ಕಟ್ಟಿದ್ದು ಚಾಲ್ತಿಯಲ್ಲಿರಬೇಕು. ಪರ್ಮಿಟ್ ಇಲ್ಲದೆ ಸಿಕ್ಕರೆ 10,000 ರೂಪಾಯಿ ದಂಡ.

ಪಾಸಿಂಗ್ (ಫಿಟ್‌ನೆಸ್ ತಪಾಸಣೆ) ಲೆಕ್ಕ ಹೀಗೆ: ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಪಾಸಿಂಗ್‌ಗೆ ಹೋಗುವಾಗ ಜನ ಗಾಡಿಯ ಮೈಗೆ ಪೇಂಟ್ ಹೊಡೆಸುತ್ತಾರೆ, ಸಿಕ್ಕಿಬೀಳುವುದು ಬೇರೆ ಕಡೆ. ಪ್ರತಿಫಲಿಸುವ ಟೇಪ್ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಇರಬೇಕು, ಎಐಎಸ್ 090 (ವಾಹನ ಭಾಗಗಳ ಮಾನದಂಡ) ಗುರುತು ಇದ್ದದ್ದೇ ಆಗಬೇಕು. ಗುರುತಿಲ್ಲದ ಅಗ್ಗದ ಟೇಪ್ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಹಿಂದಿನ ಗಾರ್ಡ್ ಲೋಡ್ ಮಾಡುವಾಗ ಬಾಗಿರುತ್ತದೆ, ಬದಿಯ ಗಾರ್ಡ್ ಬಿಚ್ಚಿ ಗ್ಯಾರೇಜಿನಲ್ಲಿ ಇಟ್ಟಿರುತ್ತಾರೆ. ಕಾರು, ಬೈಕು ಗಾಡಿ ಕೆಳಗೆ ನುಗ್ಗದಂತೆ ತಡೆಯುವುದು ಅವೇ. ಸ್ಪೀಡ್ ಗವರ್ನರ್ ಮಿತಿ 80, ಟ್ಯಾಂಕರ್ ಮತ್ತು ಡಂಪರ್‌ಗಳಿಗೆ 60.

ಲೈಸೆನ್ಸ್: 2019ರ ತಿದ್ದುಪಡಿ ನಂತರ ಸಾರಿಗೆ ಲೈಸೆನ್ಸ್ 5 ವರ್ಷಕ್ಕೆ ನವೀಕರಣ, ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರದೊಂದಿಗೆ. ಹಿಂದೆ ಇದ್ದ 30 ದಿನದ ರಿಯಾಯಿತಿ ಈಗ ಇಲ್ಲ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಹೊಸ ಡ್ರೈವರ್ ಇಟ್ಟುಕೊಳ್ಳುವಾಗ ಅವನ ಕಾರ್ಡ್ ನೋಡಿದರೆ ಸಾಲದು, ನಂಬರ್ ಹಾಕಿ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ನೋಡಿ.

ಹುಕ್ಕೇರಿ ಹುಡುಗ
ಕಾಕಾ, ಸುಪ್ರೀಂ ಕೋರ್ಟ್ ಕಾರ್ ಲೈಸೆನ್ಸ್ ಇದ್ರ ಲಾರಿ ಹೊಡೀಬಹುದು ಅಂತಲ್ಲ?

ಕಾಗದಪತ್ರ ಕಾಕಾ
ಪೂರಾ ಓದಪ್ಪ. 2024ರ ನವೆಂಬರ್ ತೀರ್ಪು 7,500 ಕೆಜಿ ಒಳಗಿನ ವಾಹನಕ್ಕೆ ಮಾತ್ರ. ಟಾಟಾ ಏಸ್, ಬೊಲೆರೊ ಪಿಕಪ್ ಅದರಲ್ಲಿ ಬರುತ್ತವೆ. 10 ಟೈರಿಗೆ ಹೆವಿ ಲೈಸೆನ್ಸೇ ಬೇಕು.

ಇನ್ಶೂರೆನ್ಸ್ ಬಗ್ಗೆ ಎರಡು ಮಾತು. ಪಾಲಿಸಿಯಲ್ಲಿ ಡ್ರೈವರ್, ಕ್ಲೀನರ್‌ಗೆ ಪ್ರತ್ಯೇಕ ಪ್ರೀಮಿಯಂ ತುಂಬಿದೆಯಾ ನೋಡಿ. ಎಷ್ಟೋ ಸಲ ಕ್ಲೀನರ್ ಬಿಟ್ಟುಹೋಗಿರುತ್ತಾನೆ. ಎರಡನೆಯದು, ಸವದತ್ತಿ ಯಲ್ಲಮ್ಮನ ಜಾತ್ರೆ ಬಂದರೆ ನಮ್ಮ ಕಡೆ ಗೂಡ್ಸ್ ಗಾಡಿಯಲ್ಲಿ ಜನ ತುಂಬಿಕೊಂಡು ಹೋಗುವುದು ಮಾಮೂಲು. ಕಬ್ಬು ಕಡಿಯುವ ಗ್ಯಾಂಗ್‌ಗಳೂ ಹಾಗೆಯೇ. ಸರಕು ವಾಹನದಲ್ಲಿ ಸುಮ್ಮನೆ ಕೂರಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಏನಾದರೂ ಆದರೆ ಪರಿಹಾರ ಮಾಲಕನ ಹೊಲ ಮನೆ ಮೇಲೆ ಬರುತ್ತದೆ.

ಸಕ್ಕರೆ ಲೋಡಿನ ಬೆಲೆ 50,000 ದಾಟುವುದರಿಂದ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಬಿಲ್) ಬೇಕೇ ಬೇಕು. 200 ಕಿ.ಮೀ.ಗೆ ಒಂದು ದಿನ, ಹಾಗಾಗಿ ಪುಣೆಗೆ ಎರಡು ದಿನ ಸಿಗುತ್ತದೆ. ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಆ ಬಿಲ್ಲಿನ ಪಾರ್ಟ್ ಬಿ-ಯಲ್ಲಿ (ಗಾಡಿ ವಿವರದ ಭಾಗ) ಹೊಸ ನಂಬರ್ ಹಾಕಿಸಿಯೇ ಹೊರಡಬೇಕು. ಅವಧಿ ಮುಗಿಯುವ 8 ತಾಸು ಮೊದಲು ಅಥವಾ ಮುಗಿದು 8 ತಾಸಿನೊಳಗೆ ವಿಸ್ತರಿಸಬಹುದು, ಅದು ದಾಟಿದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ತಪ್ಪಿ ಸಿಕ್ಕರೆ ಮಾಲಿನ ತೆರಿಗೆಯ 200% ದಂಡ. ಬಿಲ್ಟಿಯಲ್ಲಿ (ಸಾಗಣೆ ರಸೀದಿ) ಬರೆದ ಚೀಲ, ಇ-ವೇ ಬಿಲ್ಲಿನ ಚೀಲ, ಗಾಡಿಯಲ್ಲಿರುವ ಚೀಲ ಮೂರೂ ಒಂದೇ ಆಗಿರಬೇಕು. 360ಕ್ಕೆ ಬಿಲ್ ಮಾಡಿಸಿ 400 ಹಾಕುವವರು ಒಂದೇ ನಾಕಾದಲ್ಲಿ ಎರಡು ಇಲಾಖೆಗೆ ಸಿಗುತ್ತಾರೆ.

ಇಳಕಲ್ ಬ್ಲಾಕ್
ಚೀಲ ಆತು, ಕಲ್ಲಿನ ಲೋಡ್ ಬಗ್ಗೆ ಒಂದು ಮಾತು ಸೇರಸ್ತೀನಿ, ಈ ಕಡೆ ಗಾಡಿಗೋಳು ಮಾಲು ಬದಲಿಸ್ತಾನ ಇರ್ತಾವ. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.7 ಟನ್. 2.4 × 1.5 × 1.4 ಮೀಟರ್ ಬ್ಲಾಕ್ ಅಂದ್ರ 13.6 ಟನ್. ಗಾಡಿ ಅರ್ಧ ಖಾಲಿ ಕಾಣ್ತೈತಿ ಅಂತ ಇನ್ನೊಂದು ಏರಿಸಿದ್ರ ಮುಗೀತು, ತೂಕ 28 ದಾಟ್ತು.

ಗಟ್ಟಿ ಬ್ರೇಕ್ ಹೊಡೆದಾಗ ಮಾಲಿನ ತೂಕದ ನೂರಕ್ಕ 80 ಪಾಲು ಮುಂದಕ್ಕ ತಳ್ಳಿದ್ರೂ ತಡೀಬೇಕು ಅನ್ನೂದು ಕಟ್ಟೂ ಲೆಕ್ಕ. ಈ ಬ್ಲಾಕಿಗೆ ಅದು 10.9 ಟನ್. ನಾರಿನ ಹಗ್ಗ, ನೈಲಾನ್ ಹಗ್ಗ ಏನೂ ಆಗೂದಿಲ್ಲ, ಮೂಲಿಗೆ ತಿಕ್ಕಿ ಕಡೀತೈತಿ. ಬ್ಲಾಕ್ ಕೆಳಗ ಅಡ್ಡ ಕಟ್ಟಿಗಿ ದಿಮ್ಮಿ, ಮುಂದ ಹಿಂದ ಜರುಗದಂಗ ಪ್ಲಾಟ್‌ಫಾರ್ಮ್‌ಗೆ ಬಿಗಿದ ಕಬ್ಬಿಣದ ತಡಿ, ಮ್ಯಾಲ ಚೈನ್ ಮತ್ತ ಬಿಗಿ ಮಾಡೂ ಟೆನ್ಶನರ್. ಚೈನ್ ಕಲ್ಲಿನ ಮೂಲಿ ಮ್ಯಾಲ ಬರೂ ಕಡೆ ದಪ್ಪ ರಬ್ಬರ್ ಇಡ್ರಿ. ಕಲ್ಲು ತೊಯ್ದಿದ್ರ, ಕೆಳಗ ಪುಡಿ ಇದ್ರ ಜಾರ್ತೈತಿ, ಏರಿಸೂ ಮೊದಲ ಪ್ಲಾಟ್‌ಫಾರ್ಮ್ ಝಾಡಿಸ್ರಿ.

ಮುಧೋಳ ಟ್ಯಾಂಕರ್
ಸಕ್ಕರಿ ಫ್ಯಾಕ್ಟರಿ ಡ್ರೈವರ್‌ಗಳು ಭಾಳ ಮಂದಿ ಎಥನಾಲ್ ಟ್ಯಾಂಕರ್‌ಗೆ ಹೋಗ್ತಾರ, ಹೆವಿ ಲೈಸೆನ್ಸ್ ಇದ್ರ ಸಾಕು ಅಂತ ತಿಳಕೊಂಡು. ಸಾಲೂದಿಲ್ಲ. ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸ್ ಮ್ಯಾಲ ನಮೂದು ಮಾಡಿಸ್ಬೇಕು, ಅದು 3 ವರ್ಷಕ್ಕ ನವೀಕರಣ. ಟ್ಯಾಂಕರ್‌ನ ಎರಡೂ ಬದಿ ಮತ್ತ ಹಿಂದ ಎಥನಾಲ್‌ನ ಯುಎನ್ 1170 ನಂಬರಿನ ಫಲಕ, 3ನೇ ವರ್ಗದ ಕೆಂಪು ಗುರುತು ಇರಬೇಕು. ಸೈಲೆನ್ಸರ್‌ಗೆ ಸ್ಪಾರ್ಕ್ ಅರೆಸ್ಟರ್ (ಕಿಡಿ ತಡಿಯೂ ಜಾಳಿಗಿ) ಬೇಕು. ಟ್ರೆಮ್ ಕಾರ್ಡ್ (ಸೋರಿದ್ರ, ಬೆಂಕಿ ಹತ್ತಿದ್ರ ಏನ್ ಮಾಡ್ಬೇಕು ಅಂತ ಬರೆದ ಚೀಟಿ) ಕ್ಯಾಬಿನ್‌ನಾಗ ಕೈಗೆ ಸಿಗೂಹಂಗ ಇರಬೇಕು, ಸೀಟಿನ ಕೆಳಗ ಅಲ್ಲ.

ಖಾಲಿ ಮಾಡೂ ಮೊದಲ ಅರ್ಥ್ ವೈರ್ ಹಚ್ಚಿ, ಆಮ್ಯಾಲ ಪೈಪ್ ಜೋಡಿಸೂದು. ಬಿಚ್ಚೂವಾಗ ಪೈಪ್ ಮೊದಲು, ಅರ್ಥ್ ಕೊನೀಗೆ. ಎಥನಾಲ್ ಉರಿ ಹಗಲಿನಾಗ ಸರಿಯಾಗಿ ಕಣ್ಣಿಗೆ ಕಾಣೂದಿಲ್ಲ. ಪೆಟ್ರೋಲ್ ಬೆಂಕಿಗೆ ಹೊಡಿಯೂ ಸಾದಾ ಫೋಮ್ ಇದರ ಮ್ಯಾಲ ಕರಗಿ ಹೋಗ್ತೈತಿ, ಆಲ್ಕೋಹಾಲ್ ತಡಿಯೂ ಫೋಮ್ ಬೇಕು. ಅಗ್ನಿಶಾಮಕದವರಿಗೆ ಫೋನ್ ಮಾಡಿದಾಗ ಎಥನಾಲ್ ಅಂತ ಸ್ಪಷ್ಟ ಹೇಳ್ಬೇಕು. ಅರ್ಧ ತುಂಬಿದ ಟ್ಯಾಂಕರ್ ತಿರುವಿನಾಗ ಪೂರಾ ತುಂಬಿದ್ದಕ್ಕಿಂತ ಬೇಗ ಮಗಚ್ತೈತಿ, ಒಳಗ ದ್ರವ ಹೊಯ್ದಾಡ್ತೈತಿ.

ಕೆಎ-28
ಗಾಡಿ ರಸ್ತೆ ಮ್ಯಾಲ ಕೆಟ್ಟು ನಿಂತ್ರ ಏನ್ ಮಾಡ್ಬೇಕು ಅನ್ನೋದನ್ನೂ ಆ ಹೊಸ ಹುಡುಗನಿಗೆ ಹೇಳಿ ಕಳಿಸ್ರಿ. ಕಬ್ಬಿನ ಸೀಸನ್‌ನಾಗ ರಾತ್ರಿ ಟ್ರಾಲಿ, ಲಾರಿ ನಡು ರಸ್ತೆದಾಗ ದೀಪ ಇಲ್ಲದ ನಿಂತಿರ್ತಾವ. ನಾಕು ಇಂಡಿಕೇಟರ್ ಹಾಕಿ, ಪ್ರತಿಫಲಿಸೋ ತ್ರಿಕೋನ ಹಿಂದ ಇಡಬೇಕು. 80ರ ಸ್ಪೀಡಿನಾಗ ಬರೋ ಗಾಡಿ ಸೆಕೆಂಡಿಗೆ 22 ಮೀಟರ್ ಬರ್ತದ. ತ್ರಿಕೋನ 50 ಮೀಟರ್ ಹಿಂದ ಇಟ್ರ ಅವನಿಗೆ ಎರಡು ಸೆಕೆಂಡೂ ಚಿಲ್ಲರೇ ಸಿಗ್ತದ. ಹೈವೇದಾಗ 100 ಮೀಟರ್ ಇಡ್ರಿ, ತಿರುವು ಇದ್ರ ತಿರುವಿನ ಆಚೆ. ಜಾಲಿ ಟೊಂಗಿ, ಕಲ್ಲು ಇಟ್ಟು ಕೆಲಸ ಮಾಡಿ, ಹೋಗುವಾಗ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರ, ಆಮ್ಯಾಲ ಬೈಕಿನವರು ಅದಕ್ಕ ಹೊಡಕೊಂಡು ಬೀಳ್ತಾರ.

ಜಮಖಂಡಿ ಹತ್ತು ಟೈರ್
360ಕ್ಕ ನಿಲ್ಲಸ್ತೀನ್ರಿ. ಕೊನೀ ಪ್ರಶ್ನೆ ಕಾಕಾ: ಅಪಘಾತ ಆದ್ರ ಹುಡುಗ ಅಲ್ಲೇ ನಿಲ್ಲಬೇಕೋ? ಮಂದಿ ಬಡದ್ರ?

ಕಾಗದಪತ್ರ ಕಾಕಾ
ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಇದಕ್ಕೆ ಉತ್ತರ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಜನರ ಸಿಟ್ಟಿನಿಂದ ಅಥವಾ ಕೈಮೀರಿದ ಬೇರೆ ಕಾರಣದಿಂದ ಆಗದಿದ್ದರೆ ಅದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಆದರೆ ಪೊಲೀಸರಿಗೆ ತಿಳಿಸುವುದಕ್ಕೆ ವಿನಾಯಿತಿ ಇಲ್ಲ, ಆದಷ್ಟು ಬೇಗ, ತಡವೆಂದರೆ 24 ತಾಸಿನೊಳಗೆ ಹತ್ತಿರದ ಠಾಣೆಗೆ ಹೋಗಲೇಬೇಕು. ಇನ್ಶೂರೆನ್ಸ್ ಕಂಪನಿಗೂ ಪಾಲಿಸಿ ನಂಬರ್, ಜಾಗ, ಸಮಯ, ಗಾಯಾಳುಗಳ ವಿವರ ಬರಹದಲ್ಲಿ ಕೊಡಬೇಕು. ಜನ ಸೇರಿ ಗಲಾಟೆ ಶುರುವಾದರೆ ಮೊದಲು 112ಕ್ಕೆ ಫೋನ್ ಮಾಡಿ ಜಾಗ ಮತ್ತು ಗಾಡಿ ನಂಬರ್ ಹೇಳಿ, ಆಮೇಲೆ ಸೀದಾ ಠಾಣೆಗೆ ಹೋಗಲಿ. ಆ ಕರೆಯ ಸಮಯ ಮುಂದೆ ಕೇಸಿನಲ್ಲಿ ಅವನ ಪರ ನಿಲ್ಲುತ್ತದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು ಭಾರತೀಯ ನ್ಯಾಯ ಸಂಹಿತೆಯ 106(2)ರ ವಿರುದ್ಧ. ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎನ್ನುವ ಆ ಉಪಕಲಂ ಅನ್ನು ಉಳಿದ ಕಲಂಗಳ ಜೊತೆ 2024ರ ಜುಲೈ 1ರಂದು ಜಾರಿ ಮಾಡಲಿಲ್ಲ. 134 ಮಾತ್ರ ಮೊದಲಿನಿಂದಲೂ ಇದೆ. ಠಾಣೆಯ ನಂಬರ್, ಪಾಲಿಸಿ ನಂಬರ್, ನಿಮ್ಮ ನಂಬರ್ ಮೂರನ್ನೂ ದೊಡ್ಡದಾಗಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಗಾಡಿ ಗುದ್ದಿದಾಗ ಮೊಬೈಲ್ ಎಲ್ಲಿ ಬಿದ್ದಿರುತ್ತದೋ ಯಾರಿಗೆ ಗೊತ್ತು.